ಕೋವಿ: ಕೊಳ್ಳುವ ಮುನ್ನ, ಉಳಿಸಿಕೊಳ್ಳುವ ಮುನ್ನ

ಈ ಅಂಕಣದಲ್ಲಿ ಇಲ್ಲಿಯವರೆಗೆ ಬಾಡಿಗೆ ಕರಾರು, ಗ್ಯಾಸ್ ಸಂಪರ್ಕದ ವರ್ಗಾವಣೆ, ಮಕ್ಕಳ ಶಾಲೆಯ ಮೂರನೇ ಭಾಷೆ, ದೂರದಲ್ಲಿ ಕೂತು ಊರಿನ ಪಹಣಿ ತೆಗೆಸುವುದು, ಇಂಥವೇ ವಿಷಯಗಳು ಬಂದಿವೆ. ಈ ಸಲದ ವಿಷಯ ಸ್ವಲ್ಪ ಬೇರೆ ಜಾತಿಯದು: ಕೋವಿ.

ಮಹಾನಗರಗಳಲ್ಲಿರುವ ನಮ್ಮವರಲ್ಲಿ ಎರಡು ಗುಂಪಿನವರು ಇದನ್ನು ಕೇಳುತ್ತಿರುತ್ತಾರೆ. ಮೊದಲ ಗುಂಪಿನವರದು, 'ರಾತ್ರಿ ಪಾಳಿ, ಮನೆಯಲ್ಲಿ ಹೆಂಡತಿ ಮಕ್ಕಳಷ್ಟೇ, ಒಂದು ಪಿಸ್ತೂಲು ಇಟ್ಟುಕೊಂಡರೆ ಹೇಗೆ, ಯಾವುದು ಒಳ್ಳೆಯದು?' ಎಂಬ ಪ್ರಶ್ನೆ. ಎರಡನೆಯವರು ಮಲೆನಾಡು, ಕೊಡಗು, ಕಾಸರಗೋಡು ಕಡೆಯವರು. 'ಊರಲ್ಲಿ ಅಪ್ಪನ ಕೋವಿ ಇದೆ, ಅಪ್ಪನಿಗೆ ವಯಸ್ಸಾಯಿತು, ಮುಂದೇನು?' ಎಂಬುದು ಅವರ ಚಿಂತೆ. ನಾನು ಎರಡನೇ ಗುಂಪಿನವನು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನಿರುವ ಟಾಲಿಗಂಜ್‌ನಲ್ಲಿ ಗುಂಡಿನ ಸದ್ದು ಕೇಳುವುದು ಬಂಗಾಳಿ ಸಿನಿಮಾ ಸ್ಟುಡಿಯೋಗಳ ಒಳಗೆ ಮಾತ್ರ. ಆದರೂ ಈ ಬಡಾವಣೆಗೂ ನಮ್ಮೂರಿನ ಆಯುಧಗಳಿಗೂ ಒಂದು ನಂಟಿದೆ. 1806ರ ವೆಲ್ಲೂರು ದಂಗೆಯ ನಂತರ ಕಂಪನಿ ಸರ್ಕಾರ ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿ ಇಲ್ಲೇ ನೆಲೆ ಮಾಡಿಸಿತು. ನಾನು ದಿನಾ ಆಟೋ ಹಿಡಿಯುವ ಪ್ರಿನ್ಸ್ ಅನ್ವರ್ ಶಾ ರಸ್ತೆಯ ಹೆಸರು ಆ ಮನೆತನದ್ದು. ಶ್ರೀರಂಗಪಟ್ಟಣದ ಆಯುಧಗಳು ಮಾತ್ರ ಅವರ ಜೊತೆ ಬರಲಿಲ್ಲ, ಗೆದ್ದವರ ಕೈ ಸೇರಿದವು. 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್‌ನಲ್ಲಿ ಟಿಪ್ಪುವಿನ ಆಯುಧಗಳು ಹರಾಜಾದಾಗ ಅವುಗಳಲ್ಲಿ ಬೇಟೆಯ ಕೋವಿಯೂ ಇತ್ತು. ಒಡೆಯ ಮಣ್ಣಾಗಿ ಇನ್ನೂರು ವರ್ಷ ಕಳೆದರೂ ಕೋವಿ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ಕೋವಿಗೆ ಒಡೆಯನಿಗಿಂತ ಆಯಸ್ಸು ಹೆಚ್ಚು. ಅದಕ್ಕೇ, ಯಾವ ಕೋವಿ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಅದಕ್ಕೆ ಏನು ಕೆಲಸ? ನನ್ನ ಕೈಯಲ್ಲಿ ಇಲ್ಲದಾಗ ಅದು ಯಾರ ಕೈಯಲ್ಲಿ ಇರುತ್ತದೆ?

ಬೇಟೆಗೆ ಎಂದರೆ

ಬೇಟೆಗಾಗಿ ಕೋವಿ ಎನ್ನುವವರಿಗೆ ಉತ್ತರ ಚಿಕ್ಕದು: ಭಾರತದಲ್ಲಿ ಆ ಬಾಗಿಲು ಮುಚ್ಚಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಗ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಹೊಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಮಲೆನಾಡಿನ ಸೋವಿನ ಬೇಟೆ, ಮರಸು ಕೂರುವುದು ಎಲ್ಲವೂ ಈಗ ಪುಸ್ತಕದಲ್ಲಿ ಓದಿ ಸಂತೋಷಪಡುವಂಥವು. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಇದೆ. ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಓದಿ. ಓದಿದ ಬಿಸಿಯಲ್ಲಿ ಕಾಡಿಗೆ ಹೋಗಬೇಡಿ.

'ಹಂದಿಯಾದರೂ ಹೊಡೆಯಬಹುದಲ್ಲ?' ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಹಾಗೆ ಹೊಡೆಯುವಂತಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಕಾಯ್ದೆಯ 11ನೇ ಕಲಂ ಪ್ರಕಾರ, ಮನುಷ್ಯನಿಗೋ ಬೆಳೆಗೋ ಅಪಾಯ ತಂದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಆದೇಶ ಬೇಕು. ಕೇರಳ ಸರ್ಕಾರ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಆದ್ದರಿಂದ ಕಾಸರಗೋಡಿನ ನಮ್ಮ ಕೃಷಿಕರು ಪಂಚಾಯಿತಿಯಿಂದ ಆದೇಶ ಪಡೆದು, ಪರವಾನಗಿ ಇರುವ ಕೋವಿಯವರಿಂದ ಹಂದಿ ಹೊಡೆಸಬಹುದು. ಮಾಂಸ ಮಾತ್ರ ಅಡುಗೆಮನೆಗೆ ಬರುವಂತಿಲ್ಲ, ಹೂಳಬೇಕು ಅಥವಾ ಸುಡಬೇಕು. ಗಡಿಯ ಈಚೆ ಸುಳ್ಯ, ಪುತ್ತೂರಿನಲ್ಲಿ ಅದೇ ನಿಯಮ ನಡೆಯುತ್ತದೆ ಎಂದು ಎಣಿಸಬೇಡಿ. ಪ್ರಾಣಿ ನಿಜವಾಗಿ ಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅದು ಅಪರಾಧವಾಗುವುದಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಆಗಲೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಏರ್‌ಗನ್ ಬಗ್ಗೆಯೂ ಒಂದು ಮಾತು. 4.5 ಮಿಲಿಮೀಟರ್ ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ. ಗುರುತಿನ ದಾಖಲೆ ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಗನಿಗೆ ಹುಟ್ಟುಹಬ್ಬಕ್ಕೆ ಕೊಡುವವರಿದ್ದಾರೆ. ಅದು ಕಣ್ಣು ತೆಗೆಯಬಲ್ಲದು. ಅದರಿಂದ ಕಾಡುಹಕ್ಕಿ ಹೊಡೆದರೆ ಅದೂ ವನ್ಯಜೀವಿ ಅಪರಾಧವೇ. 2021ರ ಮಾರ್ಚ್‌ನಲ್ಲಿ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಹಕ್ಕಿಗಳ ಸದ್ದೇ ಅಡಗಿಹೋದ ಹಳ್ಳಿಗಳ ಜನ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳನ್ನು ತಾವಾಗಿ ತಂದುಕೊಟ್ಟರು. ಬೇಟೆ ತಲೆಮಾರುಗಳಿಂದ ರಕ್ತದಲ್ಲೇ ಬಂದ ಊರುಗಳವು.

ಕಾಗದ ಮೊದಲು, ಕೋವಿ ಆಮೇಲೆ

ಈಗಿನ ಚೌಕಟ್ಟು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳದು. ಅಷ್ಟನ್ನೂ ಓದುವ ಪುರುಸೊತ್ತು ಇಲ್ಲದವರಿಗೆ ಸಾರಾಂಶ ಇಲ್ಲಿದೆ.

ವಯಸ್ಸು 21 ಆಗಿರಬೇಕು. ಕೋಲ್ಕತ್ತ ಮತ್ತು ಬೆಂಗಳೂರಿನಂಥ ನಗರಗಳಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ಟಾಲಿಗಂಜ್‌ನವರಾದರೆ ಲಾಲ್‌ಬಜಾರಿಗೆ ನಡೆಯಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು. ಕಾರಣ ಹೇಳಬೇಕು, ದೇಹ ಮತ್ತು ಮನಸ್ಸಿನ ಆರೋಗ್ಯದ ಪ್ರಮಾಣಪತ್ರ ಕೊಡಬೇಕು, ಆಯುಧ ಸುರಕ್ಷತೆಯ ತರಬೇತಿ ಪಡೆದಿರಬೇಕು, ಭದ್ರವಾಗಿ ಇಡುವ ವ್ಯವಸ್ಥೆ ಇದೆ ಎಂದು ಬರೆದುಕೊಡಬೇಕು. ಆಮೇಲೆ ಪೊಲೀಸ್ ವಿಚಾರಣೆ. 'ಈಗಿನ ಕಾಲ ಸರಿಯಿಲ್ಲ ಸಾರ್' ಎಂಬುದು ಕಾರಣವೆಂದು ಯಾರೂ ಒಪ್ಪುವುದಿಲ್ಲ.

2019ರ ತಿದ್ದುಪಡಿಯಿಂದ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತು ಸಂಖ್ಯೆ ಇರಬೇಕು. ಅಪ್ಪಂದಿರ ಹಳೆಯ ಪುಸ್ತಕದಲ್ಲಿ ಈ ಸಂಖ್ಯೆ ನಮೂದಾಗಿದೆಯೇ ಎಂದು ಮೊದಲು ನೋಡಿ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬೇರೆ ದಾರಿಯಿದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ, ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುವ, ಮಗು ಹುಟ್ಟಿದಾಗಲೂ ಮನೆಯಲ್ಲಿ ಸಾವಾದಾಗಲೂ ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯಕ್ಕೆ ಸಿಕ್ಕ ಮನ್ನಣೆ ಅದು. ಈ ವಿನಾಯಿತಿ ಪಿಸ್ತೂಲಿಗೆ ಅನ್ವಯಿಸುವುದಿಲ್ಲ. ವಿನಾಯಿತಿ ಪತ್ರವಿಲ್ಲದೆ ಕೋವಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಡಿಕೇರಿಯಿಂದ ಬೆಂಗಳೂರಿಗೆ ಹೊರಡಬೇಡಿ.

ಯಾವ ಕೆಲಸಕ್ಕೆ ಯಾವುದು

ಸೇನೆ, ಪೊಲೀಸರು ಬಳಸುವ ಬೋರ್‌ಗಳು ನಾಗರಿಕರಿಗೆ ನಿಷಿದ್ಧ. 9 ಎಂಎಂ ಪಿಸ್ತೂಲು, .303 ರೈಫಲು ಇವೆಲ್ಲ ನಿಷೇಧಿತ ಪಟ್ಟಿಯವು. ನಮಗೆ ಸಿಗುವುದು 12 ಬೋರ್ ಕೋವಿ, .22 ಮತ್ತು .315 ರೈಫಲ್, .32 ರಿವಾಲ್ವರ್ ಅಥವಾ ಪಿಸ್ತೂಲ್, ಹೀಗೆ ಕೆಲವು. .315 ರೈಫಲ್ ತಯಾರಾಗುವುದು ಕೋಲ್ಕತ್ತದ ಉತ್ತರಕ್ಕಿರುವ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ. ಸಿಯಾಲ್ದಾದಿಂದ ಲೋಕಲ್ ರೈಲು ಹಿಡಿದರೆ ಹೆಚ್ಚು ದೂರವಿಲ್ಲ.

ತೋಟ, ಗದ್ದೆ ಕಾಯಲು 12 ಬೋರ್ ಒಂಟಿನಳಿಗೆ ಕೋವಿ ಸಾಕು. ಕಾಗದದಲ್ಲಿ ಅದನ್ನು ಎಸ್‌ಬಿಬಿಎಲ್ ಎಂದು, ಜೋಡುನಳಿಗೆಯನ್ನು ಡಿಬಿಬಿಎಲ್ ಎಂದು ಬರೆದಿರುತ್ತಾರೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡಿನ ಅಗಲ ಎಷ್ಟೋ ಅಷ್ಟು ನಳಿಗೆಯ ಅಗಲ, ಸುಮಾರು 18.5 ಮಿಲಿಮೀಟರ್. ಒಂಟಿನಳಿಗೆ ಹಗುರ, ಬಿಚ್ಚಿ ಒರೆಸುವುದು ಸುಲಭ, ತೋಟೆ ತುಂಬಿದೆಯೋ ಇಲ್ಲವೋ ಎಂದು ಮಡಚಿದ ಕೂಡಲೇ ಕಾಣುತ್ತದೆ. ತೋಟದಲ್ಲಿ ಕೋವಿಯ ಕೆಲಸ ಸದ್ದು ಮಾಡಿ ಪ್ರಾಣಿಗಳನ್ನು ಓಡಿಸುವುದು. ರೈಫಲ್ ಆ ಕೆಲಸಕ್ಕಲ್ಲ. ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಮಲೆನಾಡಿನಲ್ಲಿ ಗುಡ್ಡದಾಚೆ ಯಾರದೋ ಮನೆ ಇದ್ದೇ ಇರುತ್ತದೆ.

ಕ್ರೀಡೆಗೆ ಎಂದರೆ ನಗರದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲು ಎರಡೂ 4.5 ಮಿಲಿಮೀಟರ್‌ನವೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು ಬಂದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಪ್ರೋನ್‌ನಲ್ಲಿ ನಾಲ್ಕನೆಯವರಾದ ಜೊಯ್‌ದೀಪ್ ಕರ್ಮಾಕರ್ ಬಂಗಾಳದವರು. ಕೋವಿ ಹಿಡಿಯುವ ಆಸೆ ನಿಜವಾಗಿದ್ದರೆ ಮೊದಲು ಒಂದು ರೈಫಲ್ ಕ್ಲಬ್ ಸೇರಿ ಆರು ತಿಂಗಳು ಕಾಗದದ ಗುರಿಗೆ ಹೊಡೆಯಿರಿ. ಸ್ವಂತ ಪಿಸ್ತೂಲು ಕೊಳ್ಳುವ ಅವಸರ ಬೇಡ, ಕ್ಲಬ್ಬಿನದು ಸಾಕು. ಎಷ್ಟೋ ಜನರ ಆಸೆ ಅಲ್ಲೇ ತೀರುತ್ತದೆ.

ಸ್ವರಕ್ಷಣೆಗೆ ಎಂದು ಸಿಗುವುದು .32 ರಿವಾಲ್ವರ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ರಿವಾಲ್ವರನ್ನು ಮಹಿಳೆಯರಿಗಾಗಿ ಎಂದು ಹೊರತಂದಿತು. ಆಗಲೇ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಚಿಕ್ಕ ನಳಿಗೆಯ ರಿವಾಲ್ವರಿನಿಂದ ಗುರಿ ಹಿಡಿಯುವುದು ಉದ್ದ ಕೋವಿಗಿಂತ ಕಷ್ಟ. ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಲು ಆಗದಿದ್ದರೆ ಅದು ಕಪಾಟಿನಲ್ಲಿ ಕೂತ ಭಾರವಷ್ಟೇ.

ಹಳೆಯ ಕೋವಿ ಪರೀಕ್ಷಿಸುವುದು

ಮನೆಯ ಕೋವಿಯಾಗಲಿ, ಅಂಗಡಿಯ ಸೆಕೆಂಡ್ ಹ್ಯಾಂಡ್ ಆಗಲಿ, ಪರವಾನಗಿ ಇರುವವರ ಎದುರಿನಲ್ಲೇ ನೋಡಿ. ಮೊದಲು ಮಡಚಿ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಮುಚ್ಚಿದ ಮೇಲೆ ನಳಿಗೆ ಮತ್ತು ಹಿಡಿಯ ನಡುವೆ ಅಲುಗಾಟ ಇರಬಾರದು. ನಳಿಗೆಯ ಒಳಗೆ ಬೆಳಕು ಹಾಯಿಸಿ. ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಥವಾ ನೆಗ್ಗಿದೆ. ಜೋಡುನಳಿಗೆಯಾದರೆ ನಳಿಗೆಗಳನ್ನು ಬಿಡಿಸಿ, ತೂಗುಬಿಟ್ಟು, ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಬೆಸುಗೆ ಸರಿಯಿದೆ. ಒಡಕು ಸದ್ದಾದರೆ ಬಿಟ್ಟುಬಿಡಿ.

ತಾತನ ಕಾಲದ ಇಂಗ್ಲೆಂಡ್ ಅಥವಾ ಬೆಲ್ಜಿಯಂ ಕೋವಿಗಳಲ್ಲಿ ಎರಡು ಅಪಾಯಗಳಿವೆ. ಹಲವು ಹಳೆಯ ಕೋವಿಗಳ ತೋಟೆಯ ಮನೆ 65 ಮಿಲಿಮೀಟರ್ ಉದ್ದದ್ದು. ಈಗ ಸಾಮಾನ್ಯವಾಗಿ ಸಿಗುವ 70 ಮಿಲಿಮೀಟರ್ ತೋಟೆ ಅದರೊಳಗೆ ಕೂರುತ್ತದೆ, ಆದರೆ ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಮೇಲೇರುತ್ತದೆ. ಇನ್ನೊಂದು, ನಳಿಗೆಯ ಮೇಲೆ ಹಾವಿನ ಪೊರೆಯಂಥ ಚಿತ್ತಾರವಿರುವ ಡಮಾಸ್ಕಸ್ ನಳಿಗೆ. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿಗೆಂದು ಮಾಡಿದವು, ಇಂದಿನ ತೋಟೆ ತಡೆಯಲಾರವು. ಅಂಥದನ್ನು ಪರವಾನಗಿ ಇರುವ ಗನ್‌ಸ್ಮಿತ್ ನೋಡದೆ ಹಾರಿಸಬೇಡಿ. ಇನ್ನು 20 ಬೋರ್ ತೋಟೆಯನ್ನು 12 ಬೋರ್ ತೋಟೆಗಳ ಡಬ್ಬಿಯಲ್ಲಿ ಎಂದೂ ಬೆರೆಸಬೇಡಿ. ಅದು ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಮೇಲೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಕುಂಬಾರ ಹುಳು ನಳಿಗೆಯಲ್ಲಿ ಕಟ್ಟುವ ಮಣ್ಣಿನ ಗೂಡೂ ಅದೇ ಅನಾಹುತಕ್ಕೆ ಸಾಕು. ಪ್ರತಿ ಸಲ ನಳಿಗೆಯೊಳಗೆ ನೋಡಿಯೇ ತುಂಬಬೇಕು.

ಜೊತೆಗೆ ಬೇಕಾದ ಸರಂಜಾಮು

ಕೋವಿಗೆ ಖರ್ಚು ಮಾಡುವವರು ಇವಕ್ಕೆ ಜಿಪುಣತನ ಮಾಡುತ್ತಾರೆ. ಮೊದಲನೆಯದು ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆ. ತೋಟೆಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ. ಎರಡನೆಯದು ಟ್ರಿಗರ್ ಲಾಕ್. ಮೂರನೆಯದು ಕಿವಿಗೆ ರಕ್ಷಣೆ: 12 ಬೋರಿನ ಸದ್ದು 140 ಡೆಸಿಬೆಲ್ ಮೀರುತ್ತದೆ, ಒಂದೇ ಏಟಿಗೆ ಕಿವಿಗೆ ಪೆಟ್ಟಾಗಬಹುದು. ನಾಲ್ಕನೆಯದು ತಲೆಗೆ ಕಟ್ಟುವ ಒಳ್ಳೆಯ ಟಾರ್ಚು. ಏನೆಂದು ಪೂರ್ತಿ ಕಾಣದ್ದರತ್ತ ಕೋವಿ ತಿರುಗಿಸಲೇಬಾರದು. ಐದನೆಯದು ಗಜಕಡ್ಡಿ, ಬಟ್ಟೆ, ಎಣ್ಣೆ. ಮಲೆನಾಡಿನ ಮಳೆಗಾಲದಲ್ಲೂ ಕೋಲ್ಕತ್ತದ ಸೆಕೆಯಲ್ಲೂ ಕಬ್ಬಿಣ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಕೋವಿ ಇಟ್ಟು ಮರೆಯಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಿಸಿ.

ಸಾಗಿಸುವಾಗ ಖಾಲಿ ಇರಬೇಕು, ಮುಚ್ಚಿದ ಚೀಲದಲ್ಲಿರಬೇಕು, ಮೂಲ ಪರವಾನಗಿ ಜೊತೆಗಿರಬೇಕು. ಪರವಾನಗಿ ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಅದು ಬಂಗಾಳದಲ್ಲಿ ಬರೀ ಕಾಗದ. ವಿಮಾನದಲ್ಲಿ ಮೊದಲೇ ಘೋಷಿಸಿ ಲಗೇಜಿಗೆ ಹಾಕಬೇಕು, ಕ್ಯಾಬಿನ್‌ಗೆ ಅಲ್ಲ.

ಫ್ಲ್ಯಾಟಿನೊಳಗೆ ಪಿಸ್ತೂಲು

ಈಗ ಮೊದಲ ಗುಂಪಿನವರ ಪ್ರಶ್ನೆಗೆ ಬರೋಣ. ಆತ್ಮರಕ್ಷಣೆಯ ಹಕ್ಕು ನಮಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಅದನ್ನೇ ಹೇಳುತ್ತವೆ. 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ತತ್ವಗಳನ್ನು ಪಟ್ಟಿ ಮಾಡಿತು. ಓಡಿಹೋಗಲೇಬೇಕೆಂದಿಲ್ಲ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಸೇಡಿಗೆ ಬಳಸುವಂತಿಲ್ಲ. ಬಾಲ್ಕನಿ ಹತ್ತಿ ಮೊಬೈಲು ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಅದು ರಕ್ಷಣೆ ಎನಿಸಿಕೊಳ್ಳುವುದಿಲ್ಲ. 2024ರಲ್ಲಿ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧವೆಂದು ಕಂಡು, ಆತ್ಮರಕ್ಷಣೆಗೆ ಬಳಸಿದೆವೆಂಬ ವಾದವನ್ನು ಆ ಹಂತದಲ್ಲಿ ಒಪ್ಪಲಿಲ್ಲ. ಸ್ಪ್ರೇಗೇ ಹಾಗಾದರೆ ಪಿಸ್ತೂಲಿಗೆ ಎಷ್ಟು ಉತ್ತರ ಕೊಡಬೇಕಾದೀತು ಯೋಚಿಸಿ.

ಕಾನೂನಿಗಿಂತ ದೊಡ್ಡ ಮಾತು ಬೇರೆ ಇದೆ. ಪಿಸ್ತೂಲು ಕಳ್ಳನಿಗಾಗಿ ಕಾಯುತ್ತದೆ, ಕಳ್ಳ ಬಾರದ ಅಷ್ಟೂ ವರ್ಷ ಅದು ನಮ್ಮ ಮನೆಯವರ ಜೊತೆಯೇ ಇರುತ್ತದೆ. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆ ನೋಡಿದ ಅಧ್ಯಯನ ಪ್ರಕಟವಾಯಿತು. ಕೈಬಂದೂಕು ಹೊಂದಿದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ, ಹೊಂದಿಲ್ಲದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ ಸುಮಾರು 35 ಪಟ್ಟು. ನಮ್ಮ ಐಟಿ ಮಂದಿಯ ಒತ್ತಡ, ನಿದ್ದೆಗೇಡು, ಒಂಟಿತನ ಯಾರಿಗೂ ಗೊತ್ತಿಲ್ಲದ್ದಲ್ಲ. ಕೆಟ್ಟ ರಾತ್ರಿಯೊಂದು ಹೇಗೋ ಕಳೆದುಹೋಗುತ್ತದೆ. ಆ ರಾತ್ರಿ ಕೈಗೆಟಕುವಲ್ಲಿ ಏನಿತ್ತು ಎಂಬುದೇ ಎಲ್ಲವನ್ನೂ ನಿರ್ಧರಿಸಬಹುದು. ಮನೆಯಲ್ಲಿ ಯಾರಾದರೂ ಅಂಥ ದಿನಗಳಲ್ಲಿದ್ದರೆ ಊರಿನ ಕೋವಿಯನ್ನೂ ಸ್ವಲ್ಪ ಕಾಲ ಹೊರಗಿಡಿಸಿ.

ಇನ್ನು ಕಳುವು. ಕೋಲ್ಕತ್ತದ ಚರಿತ್ರೆಯಲ್ಲೇ ಪ್ರಸಿದ್ಧ ಉದಾಹರಣೆ ಇದೆ. 1914ರ ಆಗಸ್ಟ್ 26ರಂದು ರೊಡ್ಡಾ ಕಂಪನಿ ಎಂಬ ಬಂದೂಕು ವ್ಯಾಪಾರಿಗಳಿಗೆ ಬಂದಿದ್ದ 50 ಮೌಸರ್ ಪಿಸ್ತೂಲು, 46,000 ತೋಟೆಗಳನ್ನು ಕ್ರಾಂತಿಕಾರಿಗಳು ಹಾಡಹಗಲೇ ಎತ್ತಿನಗಾಡಿಯಲ್ಲಿ ಸಾಗಿಸಿದರು. ಆ ಪಿಸ್ತೂಲುಗಳು ಮುಂದೆ ವರ್ಷಗಟ್ಟಲೆ ಬಂಗಾಳದುದ್ದಕ್ಕೂ ಸದ್ದು ಮಾಡಿದವು. ಅವರ ಉದ್ದೇಶ ದೇಶದ ಸ್ವಾತಂತ್ರ್ಯ. ನಿಮ್ಮ ಫ್ಲ್ಯಾಟಿನಿಂದ ಕದ್ದವನ ಉದ್ದೇಶ ಅದಾಗಿರುವುದಿಲ್ಲ, ಪೊಲೀಸರು ಮೊದಲು ಕರೆಯುವುದು ನಿಮ್ಮನ್ನೇ.

ಆದ್ದರಿಂದ ನಿರ್ದಿಷ್ಟ ಬೆದರಿಕೆ ಇಲ್ಲದ ನಗರವಾಸಿಗೆ ನನ್ನ ಸಲಹೆ: ಆ ಒಂದೂವರೆ ಲಕ್ಷವನ್ನು ಗಟ್ಟಿ ಬಾಗಿಲು, ಗ್ರಿಲ್ಲು, ಒಳಗಿನಿಂದ ಬೀಗ ಹಾಕಬಹುದಾದ ಒಂದು ಕೋಣೆ, ಬಾಗಿಲಿನ ಕ್ಯಾಮೆರಾ ಇವುಗಳಿಗೆ ಹಾಕಿ. 112 ಒತ್ತುವುದನ್ನು ಮಕ್ಕಳಿಗೂ ಕಲಿಸಿ. ಪಕ್ಕದ ಮನೆಯವರ ನಂಬರ್ ಇಟ್ಟುಕೊಳ್ಳಿ. ನಮ್ಮ ಮಹಡಿಯಲ್ಲಿ ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಬರುವ ಮಾಸಿಮಾ ಒಬ್ಬರಿದ್ದಾರೆ. ಅವರಷ್ಟು ಭದ್ರತೆ ಯಾವ ರಿವಾಲ್ವರೂ ಕೊಡಲಾರದು.

ಅಪ್ಪನ ಕೋವಿ

ಇನ್ನು ನನ್ನ ಮನೆಯ ವಿಷಯ. ಕೊಪ್ಪ ತಾಲ್ಲೂಕಿನಲ್ಲಿ ನಮ್ಮ ಅಡಿಕೆ ತೋಟ. ಅಪ್ಪನಿಗೆ 74. ಬೆಳೆ ರಕ್ಷಣೆಗೆಂದು 1984ರಲ್ಲಿ ಕೊಂಡ ಒಂಟಿನಳಿಗೆ ಕೋವಿ ಇದೆ. ಪ್ರತಿ ಚುನಾವಣೆಗೆ ಠಾಣೆಗೆ ಹೋಗಿ, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತದೆ. ಅದು ಠಾಣೆಯಲ್ಲಿದ್ದಾಗಲೇ ಮಂಗಗಳಿಗೆ ಸುಗ್ಗಿ ಎಂದು ಅಪ್ಪನ ದೂರು.

2016ರ ನಿಯಮಗಳ 25ನೇ ನಿಯಮದ ಪ್ರಕಾರ, ಪರವಾನಗಿದಾರರಿಗೆ 70 ವರ್ಷವಾದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ತಾವು ಹೆಸರಿಸಿದ ಕಾನೂನುಬದ್ಧ ವಾರಸುದಾರರಿಗೆ ಅದನ್ನು ವರ್ಗಾಯಿಸಬಹುದು. ವಾರಸುದಾರರು ಅರ್ಹತೆಯ ಎಲ್ಲ ಮೆಟ್ಟಿಲೂ ಹತ್ತಬೇಕು, ತರಬೇತಿ ಸಹಿತ. ಅಪ್ಪನಿಗೆ ಇದು ತಿಳಿದಾಗ, 'ಹಾಗಾದರೆ ನಿನ್ನ ಹೆಸರಿಗೆ ಮಾಡಿಸುವ, ಕೋವಿ ಮಗನಿಗೆ ಬರೋದು' ಎಂದರು.

ತೋಟ ನೋಡಿಕೊಳ್ಳುತ್ತಿರುವವಳು ನನ್ನ ತಂಗಿ. ಔಷಧಿ ಹೊಡೆಸುವುದು, ಕೊನೆ ತೆಗೆಸುವುದು, ಸೋಲಾರ್ ಬೇಲಿಯ ಬ್ಯಾಟರಿ ನೋಡುವುದು ಎಲ್ಲ ಅವಳೇ. ರಾತ್ರಿ ನಾಯಿ ಬೊಗಳಿದರೆ ಎದ್ದು ಹೋಗುವವಳೂ ಅವಳೇ. ಆದರೆ ಕೋವಿಯ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಅದನ್ನು ಹಿಡಿದು ತೋಟಕ್ಕೆ ಇಳಿದರೆ ಅವಳು ಅಪರಾಧಿ. ಹಾಗಾಗಿ ಕಣ್ಣಿನ ಪೊರೆ ತೆಗೆಸಿಕೊಂಡ ಅಪ್ಪ ತೋಟೆ ತುಂಬಿದ ಕೋವಿ ಹಿಡಿದು ಕತ್ತಲಲ್ಲಿ ಅವಳ ಹಿಂದೆ ನಡೆಯುತ್ತಾರೆ. ನನ್ನ ನಿದ್ದೆ ಕೆಡಿಸುವುದು ಹಂದಿಯಲ್ಲ, ಈ ಚಿತ್ರ. ಮುಂದೆ ತಂಗಿಯ ಟಾರ್ಚು, ಹಿಂದೆ ಜಾರುವ ಕಾಲುಸಂಕದ ಮೇಲೆ ಅಪ್ಪ. ಹಂದಿ ಎಂದು ಮನುಷ್ಯರಿಗೆ ಗುಂಡು ಹೊಡೆದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ.

ಕೋವಿ ನನ್ನ ಹೆಸರಿಗೆ ಬಂದರೆ ಏನಾಗುತ್ತದೆ? ಟಾಲಿಗಂಜ್‌ನ ಮೂರನೇ ಮಹಡಿಯಲ್ಲಿ ಅದಕ್ಕೆ ಕೆಲಸವಿಲ್ಲ. ಎಂಟು ವರ್ಷದ ಮಗ ಎಲ್ಲ ಬೀಗದ ಕೈಗಳ ಜಾಗ ಬಲ್ಲ. ನಾನು ಊರಲ್ಲೇ ಬಿಟ್ಟು ಬಂದರೆ ಒಡೆಯ ಎರಡು ಸಾವಿರ ಕಿಲೋಮೀಟರ್ ಆಚೆ, ಕೋವಿ ಈಚೆ. ಕಾಯ್ದೆ 'ವಾರಸುದಾರ' ಎನ್ನುತ್ತದೆ, ಅದರಲ್ಲಿ ಮಗಳೂ ಸೇರುತ್ತಾಳೆ. ಹೀಗೆಂದು ಅಪ್ಪನಿಗೆ ಹೇಳಿದೆ. ಒಂದು ತಿಂಗಳು ಆ ಮಾತು ಎತ್ತಲಿಲ್ಲ. ಆಮೇಲೆ ಒಂದು ದಿನ ಫೋನಿನಲ್ಲಿ, 'ಅವಳಿಗೆ ಹಿಡಿ ಉದ್ದ ಆಗ್ತದೆ, ಸ್ವಲ್ಪ ಕೆತ್ತಿಸಬೇಕು' ಎಂದರು. ಅದೇ ಒಪ್ಪಿಗೆ ಎಂದುಕೊಂಡೆವು. ಅಪ್ಪನ ನಾಮನಿರ್ದೇಶನ, ನನ್ನ ಆಕ್ಷೇಪಣೆ ಇಲ್ಲವೆಂಬ ಪತ್ರ, ತಂಗಿಯ ಅರ್ಜಿ ಮೂರೂ ಹೋಗಿವೆ. ಪೊಲೀಸ್ ವಿಚಾರಣೆ ಬಾಕಿ ಇದೆ. ಅಲ್ಲಿಯವರೆಗೆ ರಾತ್ರಿ ತೋಟಕ್ಕೆ ಕೋವಿ ಇಳಿಯುವುದಿಲ್ಲ ಎಂದು ಒಪ್ಪಂದ. ಬೇಲಿ, ನಾಯಿ, ಡಬ್ಬ ಬಡಿಯುವುದು ಇಷ್ಟರಲ್ಲೇ ಈ ಸಲದ ಫಸಲು ಕಾಯಬೇಕು. ಸ್ವಲ್ಪ ನಷ್ಟವಾದೀತು.

ಈ ವಾರಾಂತ್ಯ ಮಾಡಬೇಕಾದ್ದು

ಊರಲ್ಲಿ ಕೋವಿ ಇರುವವರು ಮನೆಗೆ ಫೋನ್ ಮಾಡಿ ಐದು ವಿಷಯ ಕೇಳಿ: ಪರವಾನಗಿ ಯಾವ ತಾರೀಕಿಗೆ ಮುಗಿಯುತ್ತದೆ? ಗುರುತು ಸಂಖ್ಯೆ ಇದೆಯೇ? ಕೋವಿಯ ಮೇಲಿನ ನಂಬರೂ ಪುಸ್ತಕದ ನಂಬರೂ ಒಂದೇ ಇವೆಯೇ? ತೋಟೆ ಬೇರೆ ಬೀಗದಲ್ಲಿದೆಯೇ? ಬೀಗದ ಕೈ ಎಲ್ಲಿದೆ ಎಂದು ಯಾರು ಯಾರಿಗೆ ಗೊತ್ತು?

ಪರವಾನಗಿದಾರರು ತೀರಿಹೋಗಿದ್ದರೆ 'ನೆನಪಿಗೆ' ಎಂದು ಅಟ್ಟದ ಮೇಲೆ ಇಡಬೇಡಿ. ಆ ದಿನದಿಂದಲೇ ಅದು ಪರವಾನಗಿ ಇಲ್ಲದ ಆಯುಧ, ಸಿಕ್ಕಿಬಿದ್ದರೆ ಜೈಲು. ಕೂಡಲೇ ಠಾಣೆಗೆ ತಿಳಿಸಿ, ಠಾಣೆಯಲ್ಲೋ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಿರಿ. ಯಾರಿಗೆ ಎಂಬ ತೀರ್ಮಾನವಾಗದ ಕುಟುಂಬಗಳಿಗೂ ಇದೇ ದಾರಿ. ಜಮಾ ಮಾಡಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ. ಮನೆಯಲ್ಲಿ ಯಾರಿಗೂ ಬೇಡವೆಂದಾದರೆ ಪರವಾನಗಿ ಇರುವವರಿಗೆ ಮಾರಬಹುದು, ಸರ್ಕಾರಕ್ಕೆ ಒಪ್ಪಿಸಲೂಬಹುದು. ಅದರಲ್ಲಿ ಮನೆತನದ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಕೋವಿ ಯಾರ ಕೈಗೆ ಎಂಬುದನ್ನು ಅಪ್ಪಂದಿರು ಇರುವಾಗಲೇ ಅವರ ಎದುರು ಕೂತು ಮಾತಾಡಿ. ಮುಂದಿನ ತಿಂಗಳು, ಊರಿನ ಜಂಟಿ ಖಾತೆ ಮತ್ತು ನಾಮಿನಿ ಬದಲಾವಣೆಯ ಬಗ್ಗೆ ಬರೆಯುತ್ತೇನೆ.